ಮುಟ್ಟು ನಿಲ್ಲುವ ಹೊತ್ತಿನ ತೊಂದರೆಗಳು: ಚಿಕಿತ್ಸೆಯಿಂದ ವಿಮೆಯ ಹಣದವರೆಗೆ ಸಮಗ್ರ ಮಾರ್ಗದರ್ಶಿ

ನಮ್ಮ ದೇಶದಲ್ಲಿ ಆರೋಗ್ಯ ವಿಮೆ ಎಂದರೆ ಬಹುಮಟ್ಟಿಗೆ ಆಸ್ಪತ್ರೆಯ ಹಾಸಿಗೆಗೆ ಸಿಗುವ ಹಣ. ಮುಟ್ಟು ನಿಲ್ಲುವ ವಯಸ್ಸಿನಲ್ಲಿ ಹೆಣ್ಣಿಗೆ ಬೇಕಾಗುವುದಾದರೋ ಬಿಡುವಾಗಿ ಕುಳಿತು ಮಾತು ಕೇಳುವ ವೈದ್ಯರು, ಕೆಲವು ರಕ್ತ ಪರೀಕ್ಷೆ, ಒಂದು ಸ್ಕ್ಯಾನ್, ತಿಂಗಳು ತಿಂಗಳೂ ಮಾತ್ರೆ ಅಥವಾ ಜೆಲ್, ಮುಂದೊಂದು ದಿನ ಮೂಳೆ ಸಾಂದ್ರತೆಯ ತಪಾಸಣೆ. ಇವೆಲ್ಲ ಹೊರರೋಗಿ ವಿಭಾಗದಲ್ಲೇ ಮುಗಿಯುತ್ತವೆ, ಸಾಮಾನ್ಯ ಪಾಲಿಸಿ ಇವಕ್ಕೆ ಬಿಡಿಗಾಸನ್ನೂ ಕೊಡುವುದಿಲ್ಲ. ಅದೇ ಗರ್ಭಕೋಶ ತೆಗೆಸಿಕೊಳ್ಳಲು ದಾಖಲಾದರೆ ದೊಡ್ಡ ಬಿಲ್ಲೂ ಪಾಸಾಗುತ್ತದೆ. ಅಂಗವನ್ನು ಉಳಿಸುವ ಚಿಕಿತ್ಸೆಗೆ ಹಣವಿಲ್ಲ, ತೆಗೆಯುವ ಶಸ್ತ್ರಚಿಕಿತ್ಸೆಗೆ ಹಣವಿದೆ. ಈ ಏರ್ಪಾಟು ಎಷ್ಟೋ ಹೆಣ್ಣುಮಕ್ಕಳನ್ನು ಬೇಡದ ಆಪರೇಷನ್ನಿನ ಕಡೆಗೆ ತಳ್ಳಿದೆ ಎಂಬುದು ನನಗೆ ಸಿಟ್ಟು ತರಿಸುವ ಸಂಗತಿ. ಅದಕ್ಕಾಗಿಯೇ ಈ ಬರಹದಲ್ಲಿ ಚಿಕಿತ್ಸೆ ಮತ್ತು ವಿಮೆ ಎರಡನ್ನೂ ಒಟ್ಟಿಗೆ ಇಟ್ಟಿದ್ದೇನೆ.

ಹಂತ 1: ನೀವು ಯಾವ ಘಟ್ಟದಲ್ಲಿದ್ದೀರಿ ಎಂದು ತಿಳಿಯಿರಿ

ಸತತ 12 ತಿಂಗಳು ಮುಟ್ಟು ಬಾರದಿದ್ದರೆ, ಅದಕ್ಕೆ ಬೇರೆ ಕಾರಣವಿಲ್ಲದಿದ್ದರೆ, ಋತುಬಂಧವಾಯಿತು ಎನ್ನುತ್ತಾರೆ. ಭಾರತದಲ್ಲಿ ಇದು ಸರಾಸರಿ 46–47ನೇ ವಯಸ್ಸಿಗೆ ಆಗುತ್ತದೆ. ಪಾಶ್ಚಾತ್ಯ ದೇಶಗಳಲ್ಲಿ 51ರ ಸುಮಾರಿಗೆ. ನಿಜವಾದ ತಳಮಳ ಇರುವುದು ಅದಕ್ಕೆ ಮುಂಚಿನ ವರ್ಷಗಳಲ್ಲಿ. ಅಂಡಾಶಯದಲ್ಲಿ ತಯಾರಾಗುವ ಈಸ್ಟ್ರೋಜನ್ ಎಂಬ ಹಾರ್ಮೋನಿನ ಮಟ್ಟ ಒಂದೇ ಸಮ ಇಳಿಯದೆ ಏರುತ್ತ ಇಳಿಯುತ್ತ ಹೋಗುವುದರಿಂದ ಒಂದು ತಿಂಗಳು ಮುಟ್ಟು ಬೇಗ, ಇನ್ನೊಂದು ತಿಂಗಳು ತಡ, ಮತ್ತೊಂದು ತಿಂಗಳು ಸುರಿದು ಹೋಗುವಷ್ಟು ಸ್ರಾವ. ಆಗಲೇ ಬಿಸಿ ಝಳ, ರಾತ್ರಿ ಬೆವರು, ನಿದ್ರೆಗೇಡು, ಎದೆಬಡಿತ, ಕೀಲುನೋವು, ಮರೆವು, ಕಾರಣವಿಲ್ಲದ ಕಣ್ಣೀರು ಎಲ್ಲವೂ ಶುರುವಾಗಬಹುದು. ರಾಯಚೂರು, ಕಲಬುರಗಿಯಂಥ ಊರುಗಳಲ್ಲಿ ಏಪ್ರಿಲ್ ತಿಂಗಳ ಬಿಸಿಲು 40 ಡಿಗ್ರಿ ದಾಟಿದಾಗ ಬಿಸಿ ಝಳವನ್ನು ಸೆಕೆಯೆಂದೇ ತಳ್ಳಿಹಾಕುವುದು ಸುಲಭ. ವ್ಯತ್ಯಾಸ ಇಷ್ಟು: ಝಳ ಎದೆಯಿಂದ ಕುತ್ತಿಗೆಗೆ, ಮುಖಕ್ಕೆ ಹಠಾತ್ತನೆ ಏರಿ ಕೆಲವೇ ನಿಮಿಷಗಳಲ್ಲಿ ಇಳಿಯುತ್ತದೆ, ಹಿಂದೆಯೇ ಬೆವರು, ಕೆಲವೊಮ್ಮೆ ಚಳಿ. ಫ್ಯಾನಿನ ಕೆಳಗೆ ಕುಳಿತಿದ್ದರೂ ಬರುತ್ತದೆ.

ಮಾಡಬೇಕಾದ ಮೊದಲ ಕೆಲಸಕ್ಕೆ ಖರ್ಚಿಲ್ಲ. ಕ್ಯಾಲೆಂಡರಿನಲ್ಲಿ ಎರಡು ಮೂರು ತಿಂಗಳು ಗುರುತು ಹಾಕಿ: ಮುಟ್ಟು ಬಂದ ದಿನ, ಎಷ್ಟು ದಿನ ಇತ್ತು, ದಿನಕ್ಕೆ ಎಷ್ಟು ಪ್ಯಾಡ್ ಬದಲಿಸಿದಿರಿ, ಗಡ್ಡೆಗಡ್ಡೆಯಾಗಿ ಹೋಯಿತೇ, ಎಷ್ಟು ಸಲ ಝಳ ಬಂತು, ಎಷ್ಟು ಸಲ ಎಚ್ಚರವಾಯಿತು. ವೈದ್ಯರ ಮುಂದೆ ಐದು ನಿಮಿಷ ಸಿಕ್ಕಾಗ ಈ ಹಾಳೆ ನಿಮ್ಮ ಪರವಾಗಿ ಮಾತಾಡುತ್ತದೆ. ಮುಂದೆ ವಿಮೆಯವರು ಚಿಕಿತ್ಸೆ ನಿಜಕ್ಕೂ ಅಗತ್ಯವಿತ್ತೇ ಎಂದು ಕೇಳಿದಾಗಲೂ ಇದು ಕೆಲಸಕ್ಕೆ ಬರುತ್ತದೆ.

ಇಲ್ಲೇ ಒಂದು ಮಾತು. ಮುಟ್ಟು ಏರುಪೇರಾಯಿತು ಎಂದ ಮಾತ್ರಕ್ಕೆ ಗರ್ಭ ನಿಲ್ಲುವುದಿಲ್ಲ ಎಂದಲ್ಲ. ಕೊನೆಯ ಮುಟ್ಟು 50 ದಾಟಿದ ಮೇಲೆ ಆಗಿದ್ದರೆ ಒಂದು ವರ್ಷ, 50ರೊಳಗೆ ಆಗಿದ್ದರೆ ಎರಡು ವರ್ಷ ಗರ್ಭನಿರೋಧಕ ಬಳಸಬೇಕು.

ಹಂತ 2: ಇವಿಷ್ಟು ಕಂಡರೆ ಕಾಯಬೇಡಿ

ಮುಟ್ಟು ನಿಂತು ಒಂದು ವರ್ಷ ಕಳೆದ ಮೇಲೆ ಒಂದು ಹನಿ ರಕ್ತ ಕಂಡರೂ ವೈದ್ಯರಿಗೆ ತೋರಿಸಲೇಬೇಕು. ಹೆಚ್ಚಿನವರಲ್ಲಿ ಅದು ಯೋನಿಯ ಅಥವಾ ಗರ್ಭಕೋಶದ ಒಳಪದರ ತೆಳುವಾದದ್ದರಿಂದ ಆಗಿರುತ್ತದೆ. ಆದರೆ ಗರ್ಭಕೋಶದ ಒಳಪದರದ ಕ್ಯಾನ್ಸರ್ ಕೂಡ ಮೊದಲು ಕಾಣಿಸಿಕೊಳ್ಳುವುದು ಹೀಗೆಯೇ, ಬೇಗ ಪತ್ತೆಯಾದರೆ ಅದು ಚೆನ್ನಾಗಿ ವಾಸಿಯಾಗುತ್ತದೆ. ಸ್ಕ್ಯಾನಿನಲ್ಲಿ ಒಳಪದರ 4 ಮಿಲಿಮೀಟರಿಗಿಂತ ದಪ್ಪಗಿದ್ದರೆ ಅದರ ಚೂರು ತೆಗೆದು ಪರೀಕ್ಷಿಸುವ ಬಯಾಪ್ಸಿ ಮಾಡುತ್ತಾರೆ. ತೆಳುವಾಗಿದ್ದೂ ರಕ್ತ ಮತ್ತೆ ಮತ್ತೆ ಕಂಡರೂ ಮಾಡಬೇಕು.

ಗಂಟೆಗೊಂದು ಪ್ಯಾಡ್ ತೊಯ್ಯುವ ಸ್ರಾವ, ಸಂಭೋಗದ ನಂತರದ ರಕ್ತ, ಸ್ತನದಲ್ಲಿ ಗಂಟು, ತಿಂಗಳುಗಟ್ಟಲೆ ಹೊಟ್ಟೆಯುಬ್ಬರ, ಎದೆನೋವು ಇವುಗಳನ್ನೂ ವಯಸ್ಸಿನ ಲೆಕ್ಕಕ್ಕೆ ಬರೆದುಬಿಡಬೇಡಿ. 45ಕ್ಕಿಂತ ಮುಂಚೆ ಮುಟ್ಟು ನಿಂತರೆ, ಅದರಲ್ಲೂ 40ರೊಳಗೆ ನಿಂತರೆ, ತೊಂದರೆಯೇನೂ ಕಾಣದಿದ್ದರೂ ವೈದ್ಯರನ್ನು ನೋಡಿ. ಅಷ್ಟು ಬೇಗ ಈಸ್ಟ್ರೋಜನ್ ಕಳೆದುಕೊಂಡ ದೇಹಕ್ಕೆ ಮೂಳೆ ಸವೆತ, ಹೃದ್ರೋಗಗಳ ಅಪಾಯ ಹೆಚ್ಚು. ಅಂಥವರಿಗೆ ಬೇರೆ ತೊಡಕಿಲ್ಲದಿದ್ದರೆ ಸಹಜ ಋತುಬಂಧದ ವಯಸ್ಸಿನವರೆಗಾದರೂ ಹಾರ್ಮೋನು ಕೊಡುವುದು ರೂಢಿ. ಸಾಯುವ ಯೋಚನೆ ಬರುವಷ್ಟು ಮನಸ್ಸು ಕುಸಿದರೆ 14416ಕ್ಕೆ ಕರೆ ಮಾಡಿ. ಟೆಲಿ ಮಾನಸ್ ಸಹಾಯವಾಣಿಯಲ್ಲಿ ಹಗಲಿರುಳೂ ಕನ್ನಡದಲ್ಲಿ ಉಚಿತವಾಗಿ ಮಾತಾಡಬಹುದು.

ಹಂತ 3: ವೈದ್ಯರ ಭೇಟಿ ಮತ್ತು ಪರೀಕ್ಷೆಗಳು

45 ದಾಟಿದವರಲ್ಲಿ ಋತುಬಂಧವನ್ನು ಗುರುತಿಸಲು ಲಕ್ಷಣಗಳೇ ಸಾಕು. ಎಫ್‌ಎಸ್‌ಎಚ್ ಎಂಬ ಹಾರ್ಮೋನು ಪರೀಕ್ಷೆ ದಿನದಿಂದ ದಿನಕ್ಕೆ ಬದಲಾಗುವುದರಿಂದ ಈ ವಯಸ್ಸಿನಲ್ಲಿ ಅದಕ್ಕೆ ದುಡ್ಡು ಸುರಿಯುವ ಅಗತ್ಯವಿಲ್ಲ. ನಿಜಕ್ಕೂ ಬೇಕಾದವು ಬೇರೆ. ಥೈರಾಯ್ಡ್ ಪರೀಕ್ಷೆ, ಏಕೆಂದರೆ ಥೈರಾಯ್ಡ್ ಏರುಪೇರು ಋತುಬಂಧದ ವೇಷದಲ್ಲೇ ಬರುತ್ತದೆ. ಹಿಮೋಗ್ಲೋಬಿನ್, ಸಕ್ಕರೆ, ಕೊಲೆಸ್ಟ್ರಾಲ್, ರಕ್ತದೊತ್ತಡ. ಸ್ರಾವ ಹೆಚ್ಚಿದ್ದರೆ ಸ್ಕ್ಯಾನ್. ಗರ್ಭಕಂಠದ ತಪಾಸಣೆ ಮತ್ತು ಸ್ತನ ಪರೀಕ್ಷೆ.

ಇವುಗಳಲ್ಲಿ ಹಲವನ್ನು ಸರ್ಕಾರಿ ವ್ಯವಸ್ಥೆಯಲ್ಲೇ ಮಾಡಿಸಬಹುದು. ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ 30 ದಾಟಿದವರಿಗೆ ರಕ್ತದೊತ್ತಡ, ಸಕ್ಕರೆ, ಬಾಯಿ, ಸ್ತನ ಮತ್ತು ಗರ್ಭಕಂಠದ ಕ್ಯಾನ್ಸರ್ ತಪಾಸಣೆಯ ಕಾರ್ಯಕ್ರಮವಿದೆ. ನಗರಗಳಲ್ಲಿ ಸರ್ಕಾರದ ‘ನಮ್ಮ ಕ್ಲಿನಿಕ್’‌ಗಳಿವೆ. ಅಲ್ಲಿ ಹೋಗಿ ಕೇಳಿ ಮಾಡಿಸಿಕೊಳ್ಳಬೇಕು, ಕರೆದು ಮಾಡುತ್ತಾರೆಂದು ಕಾಯಬಾರದು.

ಕುಟುಂಬದಲ್ಲಿ ಸ್ತನ ಕ್ಯಾನ್ಸರ್ ಇತ್ತೇ, ಕಾಲಿನ ರಕ್ತನಾಳದಲ್ಲಿ ಎಂದಾದರೂ ರಕ್ತ ಹೆಪ್ಪುಗಟ್ಟಿತ್ತೇ, ಮೈಗ್ರೇನ್ ಇದೆಯೇ, ಈಗ ಯಾವ ಔಷಧ ನುಂಗುತ್ತಿದ್ದೀರಿ ಎಂಬುದನ್ನು ಬರೆದುಕೊಂಡು ಹೋಗಿ. ಅಂಗಡಿಯಿಂದ ತಂದ ಗಿಡಮೂಲಿಕೆ ಪುಡಿಯೂ ಆ ಪಟ್ಟಿಯಲ್ಲಿರಲಿ. ಅಶ್ವಗಂಧ, ಬ್ಲ್ಯಾಕ್ ಕೋಹೋಶ್‌ಗಳಿಂದ ಯಕೃತ್ತಿಗೆ ಪೆಟ್ಟಾದ ಪ್ರಕರಣಗಳು ವೈದ್ಯಕೀಯ ದಾಖಲೆಗಳಲ್ಲಿವೆ.

ಹಂತ 4: ಚಿಕಿತ್ಸೆಯನ್ನು ಆರಿಸಿಕೊಳ್ಳುವುದು

ಬಿಸಿ ಝಳ ಮತ್ತು ರಾತ್ರಿ ಬೆವರಿಗೆ ಹಾರ್ಮೋನು ಚಿಕಿತ್ಸೆಯಷ್ಟು ಪರಿಣಾಮಕಾರಿಯಾದ ಔಷಧ ಇನ್ನೊಂದಿಲ್ಲ. ಹೀಗಿದ್ದೂ ನಮ್ಮಲ್ಲಿ ಅದರ ಹೆಸರೆತ್ತಿದರೆ ಕ್ಯಾನ್ಸರ್ ಎಂಬ ಭಯವೇ ಮೊದಲು ಬರುತ್ತದೆ. ಆ ಭಯದ ಮೂಲ ಅಮೆರಿಕದ ವಿಮೆನ್ಸ್ ಹೆಲ್ತ್ ಇನಿಶಿಯೇಟಿವ್ ಅಧ್ಯಯನ. 2002ರಲ್ಲಿ ಅದರ ಒಂದು ಭಾಗವನ್ನು ಅರ್ಧಕ್ಕೇ ನಿಲ್ಲಿಸಿದರು. ಭಾಗವಹಿಸಿದವರ ಸರಾಸರಿ ವಯಸ್ಸು 63. ಅಂದರೆ ಬಹುತೇಕರಿಗೆ ಮುಟ್ಟು ನಿಂತು ಹತ್ತಕ್ಕೂ ಹೆಚ್ಚು ವರ್ಷ ಕಳೆದಿತ್ತು. ಈಸ್ಟ್ರೋಜನ್ ಜೊತೆ ಪ್ರೊಜೆಸ್ಟರಾನ್ ಬಗೆಯ ಹಾರ್ಮೋನೂ ಇದ್ದ ಆ ಕಾಲದ ಸಂಯುಕ್ತ ಮಾತ್ರೆ ನುಂಗಿದವರಲ್ಲಿ ವರ್ಷಕ್ಕೆ 10,000 ಮಂದಿಗೆ ಸುಮಾರು 8ರಷ್ಟು ಹೆಚ್ಚುವರಿ ಸ್ತನ ಕ್ಯಾನ್ಸರ್ ಕಂಡಿತು. ಗರ್ಭಕೋಶ ಇಲ್ಲದವರಿಗೆ ಈಸ್ಟ್ರೋಜನ್ ಮಾತ್ರ ಕೊಟ್ಟ ಭಾಗದಲ್ಲಿ ಆ ಏರಿಕೆ ಕಾಣಲಿಲ್ಲ. ಈಗಿನ ಒಮ್ಮತದ ನಿಲುವು ಹೀಗಿದೆ: 60 ವರ್ಷದೊಳಗಿನವರಿಗೆ, ಅಥವಾ ಮುಟ್ಟು ನಿಂತು 10 ವರ್ಷದೊಳಗಿದ್ದವರಿಗೆ, ತೊಂದರೆ ಕಾಡುತ್ತಿದ್ದು ಬೇರೆ ಅಡ್ಡಿಯಿಲ್ಲದಿದ್ದರೆ ಲಾಭವೇ ಹೆಚ್ಚು.

ಗರ್ಭಕೋಶ ಇರುವವರು ಈಸ್ಟ್ರೋಜನ್ ಒಂದನ್ನೇ ತೆಗೆದುಕೊಳ್ಳಬಾರದು. ಒಳಪದರ ದಪ್ಪವಾಗುವುದನ್ನು ತಡೆಯಲು ಪ್ರೊಜೆಸ್ಟರಾನ್ ಜೊತೆಗಿರಲೇಬೇಕು. ಗರ್ಭಕೋಶ ತೆಗೆಸಿಕೊಂಡವರಿಗೆ ಸಾಮಾನ್ಯವಾಗಿ ಈಸ್ಟ್ರೋಜನ್ ಮಾತ್ರ ಸಾಕು. ಚರ್ಮಕ್ಕೆ ಹಚ್ಚುವ ಜೆಲ್‌ನಿಂದ ರಕ್ತ ಹೆಪ್ಪುಗಟ್ಟುವ ಅಪಾಯ ಮಾತ್ರೆಗಿಂತ ಕಡಿಮೆ, ಹಾಗಾಗಿ ತೂಕ ಹೆಚ್ಚಿದ್ದವರು, ರಕ್ತದೊತ್ತಡ ಇದ್ದವರು ಅದರ ಬಗ್ಗೆ ಕೇಳಬೇಕು. ಸ್ತನ ಕ್ಯಾನ್ಸರ್ ಆದವರು, ಪಾರ್ಶ್ವವಾಯು, ಹೃದಯಾಘಾತ ಅಥವಾ ರಕ್ತ ಹೆಪ್ಪುಗಟ್ಟಿದ ಇತಿಹಾಸ ಇದ್ದವರು, ಯಕೃತ್ತಿನ ಕಾಯಿಲೆ ಸಕ್ರಿಯವಾಗಿರುವವರು, ಕಾರಣ ಪತ್ತೆಯಾಗದ ರಕ್ತಸ್ರಾವ ಇರುವವರು ಇದರಿಂದ ದೂರವಿರಬೇಕು. ಶುರು ಮಾಡಿ ಸುಮಾರು ಮೂರು ತಿಂಗಳಾದಾಗ ಒಮ್ಮೆ, ಆಮೇಲೆ ವರ್ಷಕ್ಕೊಮ್ಮೆ ಮರುಪರಿಶೀಲನೆ ಆಗಲಿ. ಹಳೆಯ ಚೀಟಿ ತೋರಿಸಿ ಅಂಗಡಿಯಿಂದ ವರ್ಷಗಟ್ಟಲೆ ತಂದು ನುಂಗುವುದು ಬೇಡ.

ಹಾರ್ಮೋನು ಒಲ್ಲದವರಿಗೆ, ಒಗ್ಗದವರಿಗೆ ಬೇರೆ ದಾರಿಗಳಿವೆ. ವೆನ್ಲಾಫ್ಯಾಕ್ಸಿನ್, ಪ್ಯಾರಾಕ್ಸಿಟಿನ್‌ನಂಥ ಔಷಧಗಳು ಖಿನ್ನತೆಗೆಂದು ಬಂದವಾದರೂ ಕಡಿಮೆ ಪ್ರಮಾಣದಲ್ಲಿ ಝಳವನ್ನು ತಗ್ಗಿಸುತ್ತವೆ. ಸ್ತನ ಕ್ಯಾನ್ಸರಿಗೆ ಟ್ಯಾಮಾಕ್ಸಿಫೆನ್ ತೆಗೆದುಕೊಳ್ಳುತ್ತಿರುವವರು ಪ್ಯಾರಾಕ್ಸಿಟಿನ್ ಬಳಸಬಾರದು, ಅದು ಟ್ಯಾಮಾಕ್ಸಿಫೆನ್ನಿನ ಕೆಲಸವನ್ನು ಕುಗ್ಗಿಸುತ್ತದೆ. ರಾತ್ರಿ ಬೆವರಿನಿಂದ ನಿದ್ರೆಗೆಟ್ಟವರಿಗೆ ಗ್ಯಾಬಾಪೆಂಟಿನ್ ಉಪಯೋಗವಾಗುತ್ತದೆ. ಯೋಚನೆ, ವರ್ತನೆಯ ಮೇಲೆ ಕೆಲಸ ಮಾಡುವ ಆಪ್ತಸಮಾಲೋಚನೆಯೂ ಝಳದ ಕಿರಿಕಿರಿಯನ್ನು, ನಿದ್ರಾಹೀನತೆಯನ್ನು ಇಳಿಸುತ್ತದೆಂದು ಅಧ್ಯಯನಗಳು ತೋರಿಸಿವೆ. ಹತ್ತಿ ಬಟ್ಟೆ, ತಣ್ಣೀರು, ಸಂಜೆಯ ಕಾಫಿ ಬಿಡುವುದು, ಖಾರ ತಗ್ಗಿಸುವುದು ಆ ಕ್ಷಣಕ್ಕೆ ಹಿತವೇ, ಆದರೆ ತೀವ್ರವಾದ ಝಳಕ್ಕೆ ಇವಿಷ್ಟರಿಂದಲೇ ಪರಿಹಾರ ಸಿಗುತ್ತದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ.

ಬಾಯಿಬಿಟ್ಟು ಹೇಳಲು ಎಲ್ಲರೂ ಹಿಂಜರಿಯುವ ತೊಂದರೆ ಇನ್ನೊಂದಿದೆ. ಯೋನಿ ಒಣಗುವುದು, ಉರಿ, ಸಂಭೋಗದಲ್ಲಿ ನೋವು, ಪದೇ ಪದೇ ಮೂತ್ರದ ಸೋಂಕು. ಝಳ ವರ್ಷಗಳು ಉರುಳಿದಂತೆ ಇಳಿಯುತ್ತದೆ. ಇದು ಚಿಕಿತ್ಸೆಯಿಲ್ಲದೆ ಹೆಚ್ಚುತ್ತಲೇ ಹೋಗುತ್ತದೆ. ಯೋನಿಯೊಳಗೆ ಹಚ್ಚುವ ಕಡಿಮೆ ಪ್ರಮಾಣದ ಈಸ್ಟ್ರೋಜನ್ ಕ್ರೀಮು ರಕ್ತಕ್ಕೆ ಸೇರುವುದು ಅತ್ಯಲ್ಪ, ದೀರ್ಘಕಾಲ ಬಳಸಬಹುದು, ಜೊತೆಗೆ ಪ್ರೊಜೆಸ್ಟರಾನ್ ಬೇಕಿಲ್ಲ. ವರ್ಷಕ್ಕೆ ನಾಲ್ಕಾರು ಸಲ ಉರಿಮೂತ್ರಕ್ಕೆ ಆಂಟಿಬಯಾಟಿಕ್ ನುಂಗುವ ಹೆಣ್ಣುಮಗಳಿಗೆ ಈ ಕ್ರೀಮಿನ ಬಗ್ಗೆ ಯಾರೂ ಹೇಳದೆ ಹೋಗುವುದು ದೊಡ್ಡ ನಷ್ಟ. ನೀವಾಗಿಯೇ ಕೇಳಿ.

ಹಂತ 5: ಮೂಳೆ ಮತ್ತು ಹೃದಯ

ಮುಟ್ಟು ನಿಂತ ಮೊದಲ ವರ್ಷಗಳಲ್ಲಿ ಮೂಳೆ ಅತ್ಯಂತ ವೇಗವಾಗಿ ಸವೆಯುತ್ತದೆ, ನೋವಿಲ್ಲದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) ಶಿಫಾರಸಿನಂತೆ ಋತುಬಂಧದ ನಂತರ ದಿನಕ್ಕೆ 1,200 ಮಿಲಿಗ್ರಾಂ ಕ್ಯಾಲ್ಸಿಯಂ ಬೇಕು. ನೂರು ಗ್ರಾಂ ರಾಗಿಯಲ್ಲಿ ಸುಮಾರು 364 ಮಿಲಿಗ್ರಾಂ ಇದೆ. ಮುದ್ದೆಯ ಜೊತೆ ಮೊಸರು, ಹಾಲು, ಸೊಪ್ಪು, ಎಳ್ಳು ಸೇರಿದರೆ ಬಹುಪಾಲು ತಟ್ಟೆಯಲ್ಲೇ ಸಿಗುತ್ತದೆ, ಉಳಿದದ್ದಕ್ಕೆ ಮಾತ್ರೆ. ವಿಟಮಿನ್ ಡಿ ನೋಡಿಸಿಕೊಳ್ಳಿ. ನಡಿಗೆ ಒಳ್ಳೆಯದೇ, ಆದರೆ ಮೂಳೆಗೆ ಭಾರ ಎತ್ತುವ ವ್ಯಾಯಾಮವೂ ಬೇಕು. ಬೇಗ ಮುಟ್ಟು ನಿಂತವರು, ಸಣಕಲು ಮೈಯವರು, ಸ್ಟಿರಾಯ್ಡ್ ತೆಗೆದುಕೊಂಡವರು, ಸಣ್ಣ ಪೆಟ್ಟಿಗೇ ಮೂಳೆ ಮುರಿದುಕೊಂಡವರು ಮೂಳೆ ಸಾಂದ್ರತೆ ಅಳೆಯುವ ಡೆಕ್ಸಾ ಸ್ಕ್ಯಾನ್ ಮಾಡಿಸಬೇಕು. ಅದರ ಟಿ-ಸ್ಕೋರ್ ಮೈನಸ್ 2.5 ಅಥವಾ ಅದಕ್ಕಿಂತ ಕೆಳಗಿದ್ದರೆ ಮೂಳೆ ಟೊಳ್ಳಾಗಿದೆ ಎಂದರ್ಥ. ವಾರಕ್ಕೊಮ್ಮೆ ನುಂಗುವ ಅಲೆಂಡ್ರೊನೇಟ್, ವರ್ಷಕ್ಕೊಮ್ಮೆ ನರಕ್ಕೆ ಹಾಕುವ ಜೊಲೆಡ್ರೊನಿಕ್ ಆಮ್ಲದಂಥ ಔಷಧಗಳಿವೆ.

ಕೆಟ್ಟ ಕೊಲೆಸ್ಟ್ರಾಲ್ ಈ ಹೊತ್ತಿನಲ್ಲೇ ಏರತೊಡಗುತ್ತದೆ. ಸಕ್ಕರೆ, ರಕ್ತದೊತ್ತಡದ ಜೊತೆ ಅದನ್ನೂ ವರ್ಷಕ್ಕೊಮ್ಮೆ ನೋಡಿಸಿ.

ಹಂತ 6: ಗರ್ಭಕೋಶ ತೆಗೆಯೋಣ ಎಂದರೆ

ಇಲ್ಲಿ ನಿಲ್ಲಿ. ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ 15ರಿಂದ 49ರ ವಯಸ್ಸಿನ ಭಾರತೀಯ ಹೆಣ್ಣುಮಕ್ಕಳಲ್ಲಿ ಶೇಕಡಾ 3.3ರಷ್ಟು ಮಂದಿ ಆಗಲೇ ಗರ್ಭಕೋಶ ಕಳೆದುಕೊಂಡಿದ್ದಾರೆ. ಬಿಹಾರ, ಛತ್ತೀಸಗಢಗಳಲ್ಲಿ ಸರ್ಕಾರಿ ವಿಮೆಯ ಹಣಕ್ಕಾಗಿ ಬೇಡದ ಆಪರೇಷನ್‌ಗಳಾದವೆಂಬ ದೂರುಗಳು ಎದ್ದವು. ನಮ್ಮ ಕಲಬುರಗಿ ಜಿಲ್ಲೆಯಲ್ಲಿ ಲಂಬಾಣಿ ತಾಂಡಾಗಳ ಹೆಣ್ಣುಮಕ್ಕಳು, ಅನಗತ್ಯವಾಗಿ ಗರ್ಭಕೋಶ ತೆಗೆದರೆಂದು ಬೀದಿಗಿಳಿದು ಪ್ರತಿಭಟಿಸಿದರು. ಬೇಡದ ಗರ್ಭಕೋಶ ಶಸ್ತ್ರಚಿಕಿತ್ಸೆಗಳ ಬಗ್ಗೆ ಡಾ. ನರೇಂದ್ರ ಗುಪ್ತಾ ಹೂಡಿದ್ದ ಸಾರ್ವಜನಿಕ ಹಿತಾಸಕ್ತಿ ಅರ್ಜಿಯ ಮೇಲೆ 2023ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ತೀರ್ಪು ನೀಡಿ, ಕೇಂದ್ರದ ಮಾರ್ಗಸೂಚಿಗಳನ್ನು ರಾಜ್ಯಗಳು ಮೂರು ತಿಂಗಳೊಳಗೆ ಅಳವಡಿಸಿಕೊಳ್ಳಬೇಕೆಂದಿತು.

ಕ್ಯಾನ್ಸರ್ ಇದ್ದರೆ, ಔಷಧಕ್ಕೆ ಬಗ್ಗದ ಸ್ರಾವ ಅಥವಾ ದೊಡ್ಡ ಗಡ್ಡೆ ಇದ್ದರೆ, ಗರ್ಭಕೋಶ ಜಾರಿದ್ದರೆ ಶಸ್ತ್ರಚಿಕಿತ್ಸೆ ಬೇಕಾಗಬಹುದು. ಬಿಳುಪು ಹೋಗುತ್ತದೆ, ಹೊಟ್ಟೆನೋವಿದೆ, ಮಕ್ಕಳಾದ ಮೇಲೆ ಅದರ ಕೆಲಸವೇನು, ಮುಂದೆ ಕ್ಯಾನ್ಸರ್ ಆದೀತು ಎಂಬ ಕಾರಣಗಳಿಗೆ ಬೇಡ. ಸ್ರಾವಕ್ಕೆ ಮೊದಲು ಟ್ರಾನೆಕ್ಸಾಮಿಕ್ ಆಮ್ಲದ ಮಾತ್ರೆ, ಪ್ರೊಜೆಸ್ಟರಾನ್ ಬಗೆಯ ಔಷಧ, ಗರ್ಭಕೋಶದೊಳಗೆ ಇಡುವ ಲೆವೊನಾರ್ಜೆಸ್ಟ್ರೆಲ್ ಸಾಧನ ಇವುಗಳನ್ನು ಪ್ರಯತ್ನಿಸಬೇಕು. ಒಪ್ಪಿಗೆ ಪತ್ರಕ್ಕೆ ಸಹಿ ಹಾಕುವ ಮುನ್ನ ಈ ಮೂರು ಪ್ರಶ್ನೆ ಕೇಳಿ: ಇದಕ್ಕಿಂತ ಸಣ್ಣ ಚಿಕಿತ್ಸೆ ಯಾವುದನ್ನು ಪ್ರಯತ್ನಿಸಿದ್ದೇವೆ? ಬಯಾಪ್ಸಿ ವರದಿ ಏನು ಹೇಳಿದೆ? ಅಂಡಾಶಯಗಳನ್ನು ಉಳಿಸುತ್ತೀರಾ? ಎರಡೂ ಅಂಡಾಶಯ ತೆಗೆದರೆ ಮರುದಿನವೇ ಋತುಬಂಧ, ಅದೂ ಸಹಜ ಋತುಬಂಧಕ್ಕಿಂತ ಉಗ್ರವಾಗಿ. ಅಂಡಾಶಯ ಉಳಿದರೂ ಋತುಬಂಧ ಸ್ವಲ್ಪ ಬೇಗನೆ ಬರಬಹುದು. ಇನ್ನೊಬ್ಬ ಸ್ತ್ರೀರೋಗ ತಜ್ಞರ ಅಭಿಪ್ರಾಯ ಪಡೆಯಿರಿ. ಬೆಂಗಳೂರಿನ ವಾಣಿ ವಿಲಾಸದಂಥ ಸರ್ಕಾರಿ ಆಸ್ಪತ್ರೆಯ ಅಭಿಪ್ರಾಯವಾದರೆ ಅಲ್ಲಿ ನಿಮ್ಮ ವಿಮೆಯ ಮೇಲೆ ಯಾರ ಕಣ್ಣೂ ಇರುವುದಿಲ್ಲ.

ಹಂತ 7: ಪಾಲಿಸಿಯನ್ನು ಓದುವುದು

ಪಾಲಿಸಿಯ ಜೊತೆ ಗ್ರಾಹಕ ಮಾಹಿತಿ ಪತ್ರ ಕೊಡಬೇಕೆಂಬ ನಿಯಮವಿದೆ. 2024ರ ಜನವರಿ 1ರಿಂದ ಅದು ಸರಳಗೊಂಡ ರೂಪದಲ್ಲಿ ಬರುತ್ತಿದೆ; ಸ್ಥಳೀಯ ಭಾಷೆಯಲ್ಲಿ ಬೇಕೆಂದು ಕೇಳಲೂ ಬಹುದು. ಅದರಲ್ಲಿ ಮೊದಲು ನೋಡಬೇಕಾದದ್ದು ಹೊರರೋಗಿ ವೆಚ್ಚದ ಸಾಲು. ಇಲ್ಲ ಎಂದಿದ್ದರೆ ವೈದ್ಯರ ಶುಲ್ಕ, ಹಾರ್ಮೋನು ಮಾತ್ರೆ, ಡೆಕ್ಸಾ ಎಲ್ಲವೂ ನಿಮ್ಮ ಜೇಬಿನಿಂದಲೇ. ಹೆಚ್ಚುವರಿ ಪ್ರೀಮಿಯಂ ಕಟ್ಟಿ ಹೊರರೋಗಿ ಸೌಲಭ್ಯ ಸೇರಿಸಿಕೊಳ್ಳುವ ಅವಕಾಶ ಇದ್ದರೆ ಲೆಕ್ಕ ಹಾಕಿ: ವರ್ಷಕ್ಕೆ ಸಿಗುವ ಮಿತಿಗಿಂತ ಕಟ್ಟುವ ಹಣ ಬಹಳ ಕಡಿಮೆ ಇದ್ದರಷ್ಟೇ ಅದಕ್ಕೆ ಅರ್ಥ. ವಾರ್ಷಿಕ ತಪಾಸಣೆಯ ಸೌಲಭ್ಯ ಹಲವು ಪಾಲಿಸಿಗಳಲ್ಲಿ ಈಗಾಗಲೇ ಇದೆ, ಬಹಳ ಜನ ಬಳಸುವುದೇ ಇಲ್ಲ. ಥೈರಾಯ್ಡ್, ಸಕ್ಕರೆ, ಕೊಲೆಸ್ಟ್ರಾಲ್ ಅದರಲ್ಲೇ ಮುಗಿಸಿಕೊಳ್ಳಿ.

ಆಮೇಲೆ ಹೊರಗಿಟ್ಟವುಗಳ ಪಟ್ಟಿ. ವಿಮಾ ನಿಯಂತ್ರಣ ಪ್ರಾಧಿಕಾರವಾದ ಐಆರ್‌ಡಿಎಐ ಈ ಪಟ್ಟಿಗೆ ಏಕರೂಪದ ಪದಗಳನ್ನು, ಸಂಕೇತ ಸಂಖ್ಯೆಗಳನ್ನು ಕೊಟ್ಟಿದೆ. ನಿಮಗೆ ಸಂಬಂಧಿಸಿದವು ನಾಲ್ಕು. 02ನೆಯದು ನಿರ್ದಿಷ್ಟ ಕಾಯಿಲೆಗಳ ಕಾಯುವ ಅವಧಿ, ಅಂದರೆ ಪಾಲಿಸಿ ಮಾಡಿಸಿದ ಮೇಲೂ ಆ ಕಾಯಿಲೆಗೆ ಹಣ ಸಿಗದ ಮೊದಲ ತಿಂಗಳುಗಳು. ಗರ್ಭಕೋಶ ತೆಗೆಯುವುದು, ಗಡ್ಡೆಗಳು, ಗರ್ಭಕೋಶ ಜಾರುವುದು, ವಯಸ್ಸಿನಿಂದಾದ ಮೂಳೆ ಟೊಳ್ಳಾಗುವಿಕೆ ಸಾಮಾನ್ಯವಾಗಿ ಇದರಲ್ಲಿರುತ್ತವೆ, ಅವಧಿ ಬಹಳ ಕಡೆ 24 ತಿಂಗಳು. 04ನೆಯದು, ಕೇವಲ ತಪಾಸಣೆಗೆಂದು ದಾಖಲಾದರೆ ಹಣವಿಲ್ಲ ಎನ್ನುತ್ತದೆ. 14ನೆಯದು ವಿಟಮಿನ್, ಖನಿಜಾಂಶಗಳನ್ನು ಹೊರಗಿಡುತ್ತದೆ. ದಾಖಲಾತಿಯ ಅಥವಾ ಡೇ ಕೇರ್ (ಅದೇ ದಿನ ಮನೆಗೆ ಕಳಿಸುವ) ಚಿಕಿತ್ಸೆಯ ಭಾಗವಾಗಿ ವೈದ್ಯರು ಬರೆದಿದ್ದರೆ ಮಾತ್ರ ವಿನಾಯಿತಿ. 17ನೆಯದು ಗರ್ಭನಿರೋಧಕಗಳನ್ನು ಹೊರಗಿಡುತ್ತದೆ. ಸ್ರಾವಕ್ಕೆಂದು ಹಾಕಿದ ಲೆವೊನಾರ್ಜೆಸ್ಟ್ರೆಲ್ ಸಾಧನದ ಕ್ಲೇಮು ತಿರಸ್ಕೃತವಾಗುವ ಸಾಧ್ಯತೆ ಇರುವುದು ಇಲ್ಲೇ, ಏಕೆಂದರೆ ಅದೇ ಸಾಧನ ಗರ್ಭನಿರೋಧಕವೂ ಹೌದು. ಇವಲ್ಲದೆ ಕೆಲವು ಪಾಲಿಸಿಗಳು ಹಾರ್ಮೋನು ಬದಲಿ ಚಿಕಿತ್ಸೆಯನ್ನು ಹೆಸರಿಸಿಯೇ ಹೊರಗಿಡುತ್ತವೆ, ಹುಡುಕಿ ನೋಡಿ.

2024ರ ಏಪ್ರಿಲ್‌ನಿಂದ ನಿಯಮಗಳು ನಮ್ಮ ಪರವಾಗಿ ಒಂದಷ್ಟು ಬದಲಾಗಿವೆ. ಮೊದಲೇ ಇದ್ದ ಕಾಯಿಲೆಗಳ ಕಾಯುವ ಅವಧಿ ಗರಿಷ್ಠ 48 ತಿಂಗಳಿಂದ 36ಕ್ಕೆ ಇಳಿದಿದೆ. ಸತತ 60 ತಿಂಗಳು ಪಾಲಿಸಿ ನಡೆದ ಮೇಲೆ, ವಂಚನೆ ಸಾಬೀತಾದ ಹೊರತು, ಏನನ್ನೋ ಮುಚ್ಚಿಟ್ಟಿರಿ ಎಂಬ ಕಾರಣಕ್ಕೆ ಕ್ಲೇಮು ತಿರಸ್ಕರಿಸುವಂತಿಲ್ಲ. ಹಾಗೆಂದು ಅರ್ಜಿಯಲ್ಲಿ ಏನನ್ನೂ ಮುಚ್ಚಿಡಬೇಡಿ. ಥೈರಾಯ್ಡ್, ಗಡ್ಡೆ, ಹಿಂದಿನ ಸ್ಕ್ಯಾನ್, ಈಗಿನ ಮಾತ್ರೆ ಎಲ್ಲವನ್ನೂ ಬರೆಯಿರಿ. 2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಆರೋಗ್ಯ ವಿಮೆಯ ಪ್ರೀಮಿಯಂ ಮೇಲೆ ಜಿಎಸ್‌ಟಿ ಇಲ್ಲ.

ಗಂಡನ ಅಥವಾ ನಿಮ್ಮ ಕಂಪನಿಯ ಗುಂಪು ವಿಮೆಯನ್ನೇ ನಂಬಿಕೊಂಡಿರುವವರಿಗೆ ವಿಶೇಷವಾಗಿ ಹೇಳಬೇಕು. ಗುಂಪು ವಿಮೆಯಲ್ಲಿ ಹೆಚ್ಚಾಗಿ ಕಾಯುವ ಅವಧಿಯೇ ಇರುವುದಿಲ್ಲ, ಕೆಲವೊಮ್ಮೆ ಹೊರರೋಗಿ ಸೌಲಭ್ಯವೂ ಇರುತ್ತದೆ. ಮಾನವ ಸಂಪನ್ಮೂಲ ವಿಭಾಗಕ್ಕೆ ಬರೆದು ಕೇಳಿ. ಆದರೆ ನಿವೃತ್ತಿಯ ದಿನ ಅದು ಮುಗಿಯುತ್ತದೆ, ಮೂಳೆ ಮುರಿತ ಮತ್ತು ಹೃದಯದ ತೊಂದರೆ ಶುರುವಾಗುವುದು ಆಮೇಲೆಯೇ. 45ರ ಆಸುಪಾಸಿನಲ್ಲೇ ನಿಮ್ಮ ಹೆಸರಿನಲ್ಲಿ ಬೇರೆಯದೊಂದು ಪಾಲಿಸಿ ಮಾಡಿಸಿ. ಕಾಯುವ ಅವಧಿಗಳು ಆರೋಗ್ಯ ಚೆನ್ನಾಗಿರುವಾಗಲೇ ಕಳೆದುಹೋಗಲಿ.

ಹಂತ 8: ಕ್ಲೇಮಿನ ಕಾಗದಪತ್ರ

ದಾಖಲಾತಿ ಇರುವ ಚಿಕಿತ್ಸೆಗೂ, 24 ಗಂಟೆ ಮಲಗಬೇಕಿಲ್ಲದ ಡೇ ಕೇರ್ ಚಿಕಿತ್ಸೆಗೂ ಹಣ ಸಿಗುತ್ತದೆ. ಅರಿವಳಿಕೆ ಕೊಟ್ಟು ಗರ್ಭಕೋಶದೊಳಗೆ ಕ್ಯಾಮೆರಾ ಇಳಿಸಿ ನೋಡುವ ಹಿಸ್ಟೆರೊಸ್ಕೋಪಿ, ಗರ್ಭಕೋಶದ ಒಳಪದರ ಕೆರೆದು ಮಾಡುವ ಬಯಾಪ್ಸಿ ಡೇ ಕೇರ್ ಪಟ್ಟಿಯಲ್ಲಿವೆಯೇ ಎಂದು ಮೊದಲೇ ನೋಡಿ. ಜೊಲೆಡ್ರೊನಿಕ್ ಆಮ್ಲದ ಚುಚ್ಚುಮದ್ದಿಗೆ ಕಂಪನಿಯಿಂದ ಮುಂಗಡ ಒಪ್ಪಿಗೆಯನ್ನು ಬರಹದಲ್ಲಿ ಪಡೆಯದೆ ಹೋಗಬೇಡಿ, ಅದನ್ನು ಹೊರರೋಗಿ ಚಿಕಿತ್ಸೆಯೆಂದು ವಾದಿಸುವ ಸಾಧ್ಯತೆ ಇದೆ.

ದಾಖಲಾತಿ ಚೀಟಿಯಲ್ಲಿ ಬರೆಯುವ ಮೊದಲ ಸಾಲೇ ಕ್ಲೇಮಿನ ಹಣೆಬರಹ. ‘ಋತುಬಂಧದ ಲಕ್ಷಣ, ತಪಾಸಣೆಗಾಗಿ’ ಎಂದಿದ್ದರೆ 04ನೇ ಸಂಖ್ಯೆಯಡಿ ತಿರಸ್ಕೃತವಾಗಬಹುದು. ಇದ್ದ ಸಂಗತಿಯನ್ನೇ ಪೂರ್ಣವಾಗಿ ಬರೆಯಲು ವೈದ್ಯರನ್ನು ಕೇಳಿ: ಎಷ್ಟು ತಿಂಗಳಿಂದ ಸ್ರಾವ, ಹಿಮೋಗ್ಲೋಬಿನ್ ಎಷ್ಟು, ಯಾವ ಔಷಧ ಎಷ್ಟು ಕಾಲ ಕೊಟ್ಟರು, ಏಕೆ ಸಾಲಲಿಲ್ಲ, ಈಗ ಏನು ಮಾಡುತ್ತಾರೆ. ಸುಳ್ಳು ಬರೆಸಬೇಡಿ. ನಿಜವನ್ನು ಅರ್ಧ ಬರೆಯಲೂ ಬಿಡಬೇಡಿ. ನಿಮ್ಮ ಕ್ಯಾಲೆಂಡರ್ ಹಾಳೆಯ ಪ್ರತಿಯನ್ನು ಲಗತ್ತಿಸಿ.

ದಾಖಲಾತಿಗೆ ಮುಂಚಿನ 30 ಅಥವಾ 60 ದಿನ, ನಂತರದ 60 ಅಥವಾ 90 ದಿನಗಳ ಖರ್ಚು ಹಲವು ಪಾಲಿಸಿಗಳಲ್ಲಿ ಸೇರುತ್ತದೆ. ಅದೇ ಕಾಯಿಲೆಗೆ ಮಾಡಿಸಿದ ಸ್ಕ್ಯಾನ್, ರಕ್ತ ಪರೀಕ್ಷೆ, ಮಾತ್ರೆಯ ಬಿಲ್ಲುಗಳನ್ನು ಎಸೆಯದೆ ಇಟ್ಟುಕೊಳ್ಳಿ. ಕೊಠಡಿ ಬಾಡಿಗೆಯ ಮಿತಿಯನ್ನು ಮರೆಯಬೇಡಿ. ದಿನಕ್ಕೆ 3,000 ರೂಪಾಯಿ ಮಿತಿ ಇದ್ದು ನೀವು 6,000ದ ಕೊಠಡಿ ಹಿಡಿದರೆ ಬಾಡಿಗೆಯ ವ್ಯತ್ಯಾಸದ ಜೊತೆಗೆ ವೈದ್ಯರ ಶುಲ್ಕ, ಶಸ್ತ್ರಚಿಕಿತ್ಸಾ ಕೊಠಡಿಯ ಶುಲ್ಕದಲ್ಲೂ ಅರ್ಧ ಕಡಿತವಾಗಬಹುದು. ಔಷಧ, ಪರೀಕ್ಷೆಗಳ ಮೇಲೆ ಈ ಅನುಪಾತದ ಕಡಿತ ಹಾಕುವಂತಿಲ್ಲ, ಹಾಕಿದ್ದರೆ ಪ್ರಶ್ನಿಸಿ. ನಗದುರಹಿತ ಚಿಕಿತ್ಸೆಯ ಕೋರಿಕೆಗೆ ಒಂದು ಗಂಟೆಯೊಳಗೆ, ಬಿಡುಗಡೆಯ ಅಂತಿಮ ಒಪ್ಪಿಗೆಗೆ ಮೂರು ಗಂಟೆಯೊಳಗೆ ಕಂಪನಿ ಉತ್ತರಿಸಬೇಕೆಂದು 2024ರ ಮೇ ತಿಂಗಳ ಸುತ್ತೋಲೆ ಹೇಳುತ್ತದೆ.

ಹಳೆಯ ತೆರಿಗೆ ಪದ್ಧತಿಯಲ್ಲಿರುವವರು ಪ್ರೀಮಿಯಂಗೆ ಆದಾಯ ತೆರಿಗೆಯಲ್ಲಿ ವಿನಾಯಿತಿ ಪಡೆಯುವಾಗ, ಆ ಮಿತಿಯೊಳಗೇ ಮುನ್ನೆಚ್ಚರಿಕೆ ತಪಾಸಣೆಗೆ 5,000 ರೂಪಾಯಿವರೆಗೆ ತೋರಿಸಬಹುದು.

ಹಂತ 9: ಖಾಸಗಿ ವಿಮೆ ಇಲ್ಲದವರಿಗೆ

ಗಾರ್ಮೆಂಟ್ಸ್, ಸಣ್ಣ ಕಾರ್ಖಾನೆ, ಅಂಗಡಿಗಳಲ್ಲಿ ತಿಂಗಳಿಗೆ 21,000 ರೂಪಾಯಿವರೆಗೆ ಸಂಬಳ ಪಡೆಯುವವರು ಇಎಸ್‌ಐ (ನೌಕರರ ರಾಜ್ಯ ವಿಮೆ) ವ್ಯಾಪ್ತಿಯಲ್ಲಿದ್ದರೆ, ಋತುಬಂಧದ ಮಟ್ಟಿಗೆ ಅವರ ವಿಮೆ ಎಷ್ಟೋ ದುಬಾರಿ ಖಾಸಗಿ ಪಾಲಿಸಿಗಿಂತ ಮೇಲು. ಕಾರಣ, ಇಎಸ್‌ಐ ಹೊರರೋಗಿ ಚಿಕಿತ್ಸೆಯನ್ನೂ ಮಾತ್ರೆಯನ್ನೂ ಕೊಡುತ್ತದೆ. ಸಂಬಳದ ಶೇಕಡಾ 0.75 ನಿಮ್ಮಿಂದ, 3.25 ಮಾಲೀಕರಿಂದ ಈಗಾಗಲೇ ಕಟ್ಟಲಾಗುತ್ತಿದೆ. ನಿಮಗೆ ಗೊತ್ತುಮಾಡಿದ ಔಷಧಾಲಯದಲ್ಲಿ ತೋರಿಸಿ, ಅಲ್ಲಿಂದ ಆಸ್ಪತ್ರೆಗೆ ಶಿಫಾರಸು ಪಡೆಯಿರಿ. ಬೆಂಗಳೂರಿನಲ್ಲಿ ರಾಜಾಜಿನಗರ, ಪೀಣ್ಯ, ಇಂದಿರಾನಗರಗಳಲ್ಲಿ ಇಎಸ್‌ಐ ಆಸ್ಪತ್ರೆಗಳಿವೆ. ವಂತಿಗೆಯ ಷರತ್ತು ಪೂರೈಸಿದ್ದರೆ, ವೈದ್ಯರು ರಜೆ ಬರೆದ ದಿನಗಳಿಗೆ ವರ್ಷಕ್ಕೆ 91 ದಿನಗಳವರೆಗೆ ಕೂಲಿಯ ಶೇಕಡಾ 70 ಸಿಗುತ್ತದೆ.

ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ. ಎಪಿಎಲ್ ಕುಟುಂಬಕ್ಕೆ ಪ್ಯಾಕೇಜ್ ದರದ ಶೇಕಡಾ 30, ವರ್ಷಕ್ಕೆ 1.5 ಲಕ್ಷದ ಮಿತಿಯಲ್ಲಿ. ತುರ್ತು ಚಿಕಿತ್ಸೆ ಬಿಟ್ಟರೆ ಮೊದಲು ಸರ್ಕಾರಿ ಆಸ್ಪತ್ರೆಗೆ ಹೋಗಬೇಕು, ಅಲ್ಲಿ ಆಗದಿದ್ದರೆ ಶಿಫಾರಸು ಪತ್ರ ಕೊಡುತ್ತಾರೆ. ಪತ್ರವಿಲ್ಲದೆ ಖಾಸಗಿ ಆಸ್ಪತ್ರೆಗೆ ದಾಖಲಾಗಿ ಆಮೇಲೆ ಕಾರ್ಡ್ ತೋರಿಸಿದರೆ ನಡೆಯುವುದಿಲ್ಲ. ಸಹಕಾರ ಸಂಘಗಳ ಸದಸ್ಯರಿಗೆ ಯಶಸ್ವಿನಿ ಆರೋಗ್ಯ ಯೋಜನೆ ಇದೆ, ನೋಂದಣಿಯ ಗಡುವನ್ನು ಸಂಘದಲ್ಲಿ ವಿಚಾರಿಸಿ. ವಿವರಗಳಿಗೆ 104ಕ್ಕೆ ಕರೆ ಮಾಡಬಹುದು. ಮಾತ್ರೆಗಳ ಹೊರೆ ಇಳಿಸಲು ಜನೌಷಧಿ ಕೇಂದ್ರದಲ್ಲಿ ಔಷಧದ ಮೂಲ ಹೆಸರು ಹೇಳಿ ಕೇಳಿ. ಚೀಟಿಯಲ್ಲಿ ಆ ಹೆಸರನ್ನೇ ಬರೆಯುವಂತೆ ವೈದ್ಯರಿಗೆ ಹೇಳಿ.

ಹಂತ 10: ಕ್ಲೇಮು ತಿರಸ್ಕೃತವಾದರೆ

ಫೋನಿನಲ್ಲಿ ಆಗುವುದಿಲ್ಲ ಎಂದದ್ದನ್ನು ಒಪ್ಪಬೇಡಿ. ಪಾಲಿಸಿಯ ಯಾವ ಷರತ್ತಿನಡಿ ತಿರಸ್ಕರಿಸಿದರೆಂದು ಲಿಖಿತವಾಗಿ ಕೇಳಿ. ಆ ಷರತ್ತನ್ನು ಪಾಲಿಸಿಯಲ್ಲಿ ತೆರೆದು, ವೈದ್ಯರಿಂದ ಉತ್ತರ ರೂಪದ ಒಂದು ಪತ್ರ ಬರೆಸಿ, ಕಂಪನಿಯ ಕುಂದುಕೊರತೆ ಅಧಿಕಾರಿಗೆ ಕಳುಹಿಸಿ. ಜೊತೆಗೆ ಐಆರ್‌ಡಿಎಐನ ಬಿಮಾ ಭರೋಸಾ ಜಾಲತಾಣದಲ್ಲಿ ಅಥವಾ 155255 ಸಂಖ್ಯೆಯಲ್ಲಿ ದೂರು ದಾಖಲಿಸಬಹುದು.

ಒಂದು ತಿಂಗಳಾದರೂ ಉತ್ತರವಿಲ್ಲದಿದ್ದರೆ, ಅಥವಾ ಬಂದ ಉತ್ತರ ಒಪ್ಪಿಗೆಯಾಗದಿದ್ದರೆ, ವಿಮೆಯ ತಕರಾರುಗಳನ್ನು ಬಗೆಹರಿಸುವ ವಿಮಾ ಓಂಬುಡ್ಸ್‌ಮನ್ ಬಳಿ ಹೋಗಿ. ಕರ್ನಾಟಕಕ್ಕೆ ಬೆಂಗಳೂರಿನ ಜೆ.ಪಿ. ನಗರದಲ್ಲಿ ಕಚೇರಿ ಇದೆ. ಶುಲ್ಕವಿಲ್ಲ, ವಕೀಲರು ಬೇಕಿಲ್ಲ, 50 ಲಕ್ಷ ರೂಪಾಯಿವರೆಗಿನ ತಕರಾರು ನೋಡುತ್ತಾರೆ. ಕಂಪನಿ ತಿರಸ್ಕರಿಸಿದ ಒಂದು ವರ್ಷದೊಳಗೆ ದೂರು ಕೊಡಬೇಕು. ಆದೇಶ ಕಂಪನಿಯನ್ನು ಕಟ್ಟಿಹಾಕುತ್ತದೆ, ನಿಮ್ಮನ್ನಲ್ಲ. ಸಮಾಧಾನವಾಗದಿದ್ದರೆ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗಬಹುದು, ಅದಕ್ಕೆ ಎರಡು ವರ್ಷಗಳ ಗಡುವಿದೆ. ಕ್ರಮ ಮಾತ್ರ ತಪ್ಪಬಾರದು: ಮೊದಲೇ ಗ್ರಾಹಕ ಆಯೋಗದಲ್ಲಿ ದಾವೆ ಹೂಡಿದ್ದರೆ ಅದೇ ವಿಷಯವನ್ನು ಓಂಬುಡ್ಸ್‌ಮನ್ ಕೈಗೆತ್ತಿಕೊಳ್ಳುವುದಿಲ್ಲ.